ತೆರಿಗೆ ಕಟ್ಟೋಕೆ ಕಾರ್ಡ್ ಉಜ್ಜೋ ಮುಂಚೆ ಇದನ್ನ ಓದಿ

1/8

2024ರ ಜುಲೈ ಕೊನೇ ವಾರ ನಾನೊಂದು ಸ್ಟೋರಿ ಹಾಕಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆದಾಯ ತೆರಿಗೆ ಪೋರ್ಟಲ್‌ನ ಹಸಿರು ಟಿಕ್ ಮಾರ್ಕ್, ಪಕ್ಕದಲ್ಲಿ ಕ್ರೆಡಿಟ್ ಕಾರ್ಡ್ ಆ್ಯಪ್‌ನ ಸ್ಕ್ರೀನ್‌ಶಾಟ್, ಮೇಲೆ ದಪ್ಪ ಅಕ್ಷರದಲ್ಲಿ: "ತೆರಿಗೆ ಕಟ್ಟಿ 800 ರೂಪಾಯಿ ದುಡಿದೆ. ನೀವು?"

ಇನ್ನೂರು ಚಿಲ್ಲರೆ ಜನ ನೋಡಿದ್ರಿ. ಹನ್ನೊಂದು ಜನ "ಹೇಗೆ ಗುರು?" ಅಂತ ಕೇಳಿದ್ರಿ. ಹನ್ನೊಂದೂ ಜನಕ್ಕೆ ಉತ್ತರ ಕೊಟ್ಟೆ. ಆಡಿಟರ್ ಆಫೀಸಲ್ಲಿ ಆರ್ಟಿಕಲ್‌ಶಿಪ್ ಮಾಡ್ತಿರೋನು ಅಂದ್ಮೇಲೆ ನನ್ನ ಮಾತಿಗೆ ಒಂದು ತೂಕ ಇತ್ತು. ಆ ತೂಕ ನನಗೂ ಖುಷಿ ಕೊಟ್ಟಿತ್ತು.

ಆ ಸ್ಟೋರಿಯಲ್ಲಿ ಎರಡು ವಿಷಯ ಮುಚ್ಚಿಟ್ಟಿದ್ದೆ.

ಒಂದು: ಅದು ನನ್ನ ತೆರಿಗೆ ಅಲ್ಲ, ಅಪ್ಪಂದು. ತಿಪಟೂರಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸೋ ಅಪ್ಪ 40,000 ರೂಪಾಯಿ ಕಟ್ಟಬೇಕಿತ್ತು. ನನ್ನ ಕಾರ್ಡಲ್ಲಿ ಕಟ್ಟಿದೆ, ಅಪ್ಪ ಅವತ್ತೇ ಸಂಜೆ ಆ ದುಡ್ಡು ನನ್ನ ಅಕೌಂಟ್‌ಗೆ ಹಾಕಿದ್ರು.

ಎರಡು: 800 ರೂಪಾಯಿ ಪಾಯಿಂಟ್ ಬಂದಿದ್ದು ನಿಜ. ಅದಕ್ಕೆ ಮುಂಚೆ ಗೇಟ್‌ವೇ ಶುಲ್ಕ ಅಂತ ನನ್ನಿಂದ 472 ರೂಪಾಯಿ ಹೋಗಿತ್ತು. ಕೈಯಲ್ಲಿ ಉಳಿದಿದ್ದು 328. "ತೆರಿಗೆ ಕಟ್ಟಿ 328 ಉಳಿಸಿದೆ" ಅಂತ ಹಾಕಿದ್ರೆ ಯಾರೂ ಕೇಳ್ತಿರಲಿಲ್ಲ. ಅದಕ್ಕೇ ಹಾಕಲಿಲ್ಲ.

ಆ ಹನ್ನೊಂದು ಜನರಲ್ಲಿ ಮೂವರು ನಾನು ಹೇಳಿದ ಹಾಗೇ ಮಾಡಿದ್ರು. ಒಬ್ಬ ಇನ್ನೂ ಅದರ ಸಾಲ ತೀರಿಸ್ತಿದ್ದಾನೆ. ಆ ಸ್ಟೋರಿ 24 ಗಂಟೇಲಿ ಮಾಯ ಆಯ್ತು, ಅವನ ಬಾಕಿ ಮಾಯ ಆಗಲಿಲ್ಲ. ಹಾಗಾಗಿ ಈ ಸಲ ಸ್ಟೋರಿ ಅಲ್ಲ, ಪೋಸ್ಟ್. ಎಂಟು ಭಾಗ ಇದೆ. ಪೂರ್ತಿ ಓದಿ.

2/8

ಮೊದಲ ಪ್ರಶ್ನೆ: ನಿಮಗೆ ಕಟ್ಟೋಕೆ ತೆರಿಗೆ ಇದ್ಯಾ?

ಇದನ್ನ ಯಾವ ರೀಲ್ ಕೂಡ ಕೇಳಲ್ಲ. "ತೆರಿಗೆ ಸೀಸನ್ ಬಂತು, ಈ ಕಾರ್ಡ್ ತಗೊಳ್ಳಿ" ಅಂತಲೇ ಶುರು. ಆದರೆ ನಮ್ಮ ಬಿ.ಕಾಂ ಕ್ಲಾಸಲ್ಲಿ ಓದಿದೋರು ಈಗ ಎಷ್ಟು ದುಡೀತಿದ್ದಾರೆ ಅಂತ ನಮಗೆಲ್ಲ ಗೊತ್ತು. 2025-26ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟ್ ಸಿಗುತ್ತೆ, ಕಟ್ಟಬೇಕಾದ ತೆರಿಗೆ ಸೊನ್ನೆ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದ್ರೆ 12.75 ಲಕ್ಷ. ಅದಕ್ಕಿಂತ ಜಾಸ್ತಿ ಸಂಬಳ ಇದ್ದೋರಿಗೆ ಕಂಪನಿಯೇ ಪ್ರತಿ ತಿಂಗಳು ಟಿಡಿಎಸ್ ಹಿಡಿಯುತ್ತೆ. ಜುಲೈ ಬಂದಾಗ ಕಟ್ಟೋಕೆ ಬಾಕಿ ಇರೋದು ಚೂರುಪಾರು, ಇಲ್ಲಾಂದ್ರೆ ಏನೂ ಇಲ್ಲ.

ಹಾಗಾದ್ರೆ ಕೈಯಿಂದ ಕಟ್ಟಬೇಕಾದೋರು ಯಾರು? ಎಡಿಟಿಂಗ್, ಡಿಸೈನ್, ಕೋಡಿಂಗ್ ಅಂತ ಸ್ವಂತ ಕೆಲಸ ಮಾಡೋರು. ಅಂಗಡಿ, ವ್ಯಾಪಾರ ಇರೋರು. ಶೇರ್ ಮಾರಿ ಲಾಭ ಮಾಡಿದೋರು. ಇದೊಂದು ಗಮನಿಸಿ: ಒಂದು ವರ್ಷದೊಳಗೆ ಶೇರ್ ಮಾರಿ ಬಂದ ಲಾಭಕ್ಕೆ ಬೇರೆ ದರದ ತೆರಿಗೆ ಇದೆ, ಹೊಸ ಪದ್ಧತಿಯ ಆ ರಿಬೇಟ್ ಅದಕ್ಕೆ ಅನ್ವಯಿಸಲ್ಲ. "ನಂದು 12 ಲಕ್ಷದೊಳಗೆ ಇದೆ" ಅಂತ ಸುಮ್ಮನೆ ಕೂತವರಿಗೆ ಕೊನೇ ವಾರದಲ್ಲಿ ಬಾಕಿ ಕಾಣೋದು ಇಲ್ಲೇ.

ಅಂದ್ರೆ ಈ ಟ್ರಿಕ್ ಬೇಕಾಗಿರೋದು ಸ್ವಲ್ಪ ಜನಕ್ಕೆ. ಮಾರ್ತಿರೋದು ಎಲ್ಲರಿಗೂ. ಯಾಕೆ ಅಂತೀರಾ? ಬಯೋದಲ್ಲಿರೋ ಲಿಂಕ್ ಒತ್ತಿ ನೀವು ಕಾರ್ಡ್ ತಗೊಂಡ್ರೆ ಸಾಮಾನ್ಯವಾಗಿ ಲಿಂಕ್ ಹಾಕಿದೋರಿಗೆ ಕಮಿಷನ್ ಇರುತ್ತೆ. ನೀವು ತೆರಿಗೆ ಕಟ್ತೀರೋ ಇಲ್ವೋ, ಅದು ಅವರಿಗೆ ಬೇಕಾಗಿಲ್ಲ. ಕಾರ್ಡ್ ತಗೊಂಡ್ರೆ ಸಾಕು.

3/8

ಈಗ ಶುಲ್ಕದ ವಿಷಯ.

ಅಂಗಡೀಲಿ ಕಾರ್ಡ್ ಉಜ್ಜಿದಾಗ ಬ್ಯಾಂಕಿಗೆ ಹೋಗೋ ಶುಲ್ಕ ಅಂಗಡಿಯವನ ತಲೆ ಮೇಲೆ. ಅದನ್ನ ಅಪ್ಪನ ಅಂಗಡೀಲಿ ಕಣ್ಣಾರೆ ನೋಡಿದ್ದೀನಿ. ಐದು ಸಾವಿರದ ಪೇಂಟ್ ತಗೊಂಡು ಕ್ರೆಡಿಟ್ ಕಾರ್ಡ್ ಕೊಟ್ರೆ ಅಪ್ಪನ ಮುಖ ಸಣ್ಣದಾಗ್ತಿತ್ತು. ನಿಮಗೆ ಬರೋ ಪಾಯಿಂಟ್‌ನ ಒಂದು ಪಾಲು ಬರೋದು ಅಲ್ಲಿಂದ.

ತೆರಿಗೆ ವಿಷಯದಲ್ಲಿ ಆ ಅಂಗಡಿಯವನ ಜಾಗದಲ್ಲಿ ಸರ್ಕಾರ ಇದೆ. ಸರ್ಕಾರ ಆ ಶುಲ್ಕ ತಲೆ ಮೇಲೆ ಹಾಕ್ಕೊಳಲ್ಲ. ಪೋರ್ಟಲ್‌ನಲ್ಲಿ ಪೇಮೆಂಟ್ ಗೇಟ್‌ವೇ ಆಯ್ಕೆ ಮಾಡಿ ಕ್ರೆಡಿಟ್ ಕಾರ್ಡ್ ಅಂತ ಒತ್ತಿದ್ರೆ ಶುಲ್ಕ ನಿಮ್ಮದು, ಅದರ ಮೇಲಿನ 18% ಜಿಎಸ್‌ಟಿ ಕೂಡ ನಿಮ್ಮದು. ಗೇಟ್‌ವೇ ಬದಲಾದ್ರೆ ದರ ಸ್ವಲ್ಪ ಬದಲಾಗುತ್ತೆ. ಕಟ್ಟೋ ಮುಂಚೆ ಪರದೆ ಮೇಲೆ ತೋರಿಸುತ್ತೆ, ನೋಡಿ. ಲೆಕ್ಕಕ್ಕೆ 1% ಇಟ್ಕೊಳ್ಳೋಣ.

50,000 ತೆರಿಗೆ. ಶುಲ್ಕ 500, ಜಿಎಸ್‌ಟಿ 90. ಒಟ್ಟು 590.

ಮೊದಲ ಸಲ ಕಾರ್ಡ್ ತಗೊಳೋರಿಗೆ ಸಿಗೋ ಸಾದಾ ಕಾರ್ಡ್ ಒಂದನ್ನ ಅಂದ್ಕೊಳ್ಳಿ: 100 ರೂಪಾಯಿಗೆ ಒಂದು ಪಾಯಿಂಟ್, ಪಾಯಿಂಟ್‌ಗೆ 25 ಪೈಸೆ. 500 ಪಾಯಿಂಟ್ ಬರುತ್ತೆ, ಅದರ ಬೆಲೆ 125 ರೂಪಾಯಿ. 590 ಕೊಟ್ಟು 125 ತಗೊಂಡ್ರಿ. ನಷ್ಟ 465.

ಸ್ವಲ್ಪ ಒಳ್ಳೇ ಕಾರ್ಡ್, 1.5% ವಾಪಸ್ ಕೊಡುತ್ತೆ ಅನ್ನೋಣ. 750 ಬಂತು, 590 ಹೋಯ್ತು. ಲಾಭ 160.

ಇದಕ್ಕೆ ಬಹುಮಾನ ಅಂತ ಹೆಸರು. ನಿಮ್ಮ ಬಲಗಡೆ ಜೇಬಿಂದ 590 ತೆಗೆದು, ಎಡಗಡೆ ಜೇಬಿಗೆ 750 ಹಾಕಿ, "ನೋಡು, ಗೆದ್ದೆ" ಅಂತಾರೆ. ಆ 160ಕ್ಕೆ ನೀವು 50,000 ಸಾಲ ಮೈಮೇಲೆ ಎಳ್ಕೊಂಡಿದ್ದೀರಿ. ಗುಡ್ಡ ಅಗೆದು ಇಲಿ ಹಿಡಿಯೋದು ಅಂದ್ರೆ ಇದೇ.

4/8

ಆ ಇಲಿಯಾದ್ರೂ ಸಿಗುತ್ತಾ?

ನಿಮ್ಮ ಕಾರ್ಡ್‌ನ ನಿಯಮಗಳ ಪಿಡಿಎಫ್ ತೆಗೀರಿ. ಯಾವ್ಯಾವ ಖರ್ಚಿಗೆ ಪಾಯಿಂಟ್ ಇಲ್ಲ ಅನ್ನೋ ಪಟ್ಟಿ ಒಳಗೆಲ್ಲೋ ಇರುತ್ತೆ. ಎಷ್ಟೋ ಕಾರ್ಡ್‌ಗಳಲ್ಲಿ ಆ ಪಟ್ಟೀಲಿ ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಾಕೋ ದುಡ್ಡಿನ ಜೊತೆಗೆ "ಸರ್ಕಾರಿ ಪಾವತಿ" ಅಥವಾ "ತೆರಿಗೆ" ಅಂತ ಬರೆದಿರುತ್ತೆ.

ಬ್ಯಾಂಕಿಗೆ ಇದು ತೆರಿಗೆ ಅಂತ ಹೇಗೆ ಗೊತ್ತಾಗುತ್ತೆ? ಕಾರ್ಡ್ ಎಲ್ಲಿ ಉಜ್ಜಿದ್ರೂ ಆ ವ್ಯಾಪಾರ ಯಾವ ಥರದ್ದು ಅಂತ ಹೇಳೋಕೆ ನಾಲ್ಕಂಕಿಯ ಒಂದು ಕೋಡ್ ಇರುತ್ತೆ. ತೆರಿಗೆಯ ಕೋಡ್ 9311. ಪಟ್ಟೀಲಿ ಆ ನಂಬರ್ ಇದ್ರೆ ನಿಮ್ಮ ಪಾಯಿಂಟ್ ಸೊನ್ನೆ. ಶುಲ್ಕ ಮಾತ್ರ ಪೂರ್ತಿ.

ಇನ್ನೊಂದು ವಿಷಯ: ಈ ಪಟ್ಟಿ ಕಲ್ಲಲ್ಲಿ ಕೆತ್ತಿದ್ದಲ್ಲ. ಬ್ಯಾಂಕ್ ಒಂದು ಇಮೇಲ್ ಕಳ್ಸಿ "ಮುಂದಿನ ತಿಂಗಳಿಂದ ಹೀಗೆ" ಅಂದ್ರೆ ಮುಗೀತು. ಹೋದ ವರ್ಷದ ರೀಲ್ ನೋಡಿ ಈ ವರ್ಷ ಕಾರ್ಡ್ ಉಜ್ಜಿದ್ರೆ, ಆ ರೀಲ್ ಮಾಡಿದೋರು ನಿಮ್ಮ ಶುಲ್ಕ ಕೊಡಲ್ಲ.

ನನ್ನ ಕಾರ್ಡಲ್ಲಿ ಅವತ್ತು ತೆರಿಗೆಗೆ ಪಾಯಿಂಟ್ ಇತ್ತು. ನನ್ನ ಗೆಳೆಯನ ಕಾರ್ಡಲ್ಲಿ ಇರಲಿಲ್ಲ. ಅವನು ಪಟ್ಟಿ ಓದಿರಲಿಲ್ಲ. ನಾನೂ ಓದು ಅಂತ ಹೇಳಿರಲಿಲ್ಲ. "ಯಾವ ಕಾರ್ಡ್ ಆದ್ರೂ ನಡಿಯುತ್ತೆ ಮಗಾ" ಅಂತ ಕಳ್ಸಿದ ಮೆಸೇಜ್ ಇನ್ನೂ ಆ ಚಾಟ್‌ನಲ್ಲಿ ಹಾಗೇ ಇದೆ.

5/8

ಈಗ ಅವನ ಕಥೆ. ಹೆಸರು ಹೇಳಲ್ಲ, ಊಹೆ ಮಾಡೋಕೂ ಹೋಗಬೇಡಿ. ಬರೀಲಿ ಅಂತ ಅವನೇ ಒಪ್ಪಿದ್ದಾನೆ.

ಮದುವೆ ವಿಡಿಯೋ ಎಡಿಟ್ ಮಾಡೋ ಕೆಲಸ. ಆ ವರ್ಷ ಚೆನ್ನಾಗಿ ದುಡಿದಿದ್ದ. ತೆರಿಗೆ 62,000 ಬಂತು. ಅವನ ಅಕೌಂಟಲ್ಲಿ ಇದ್ದಿದ್ದು 20 ಸಾವಿರದ ಹತ್ತಿರ. ಉಳಿದಿದ್ದು ಸ್ಟುಡಿಯೋದವರಿಂದ ಬರಬೇಕಿತ್ತು. "ಬಿಲ್ ಬರೋಕೆ ಒಂದೂವರೆ ತಿಂಗಳು ಇದೆ, ಅಷ್ಟರಲ್ಲಿ ಬರುತ್ತೆ, ಪಾಯಿಂಟೂ ಸಿಗುತ್ತೆ" ಅಂದ. ನಾನು ಬೆಂಕಿ ಎಮೋಜಿ ಕಳ್ಸಿದೆ.

ಶುಲ್ಕ ಸೇರಿ 62,732 ಹೋಯ್ತು. ಸ್ಟುಡಿಯೋ ದುಡ್ಡು ಬರಲಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಶ್ರಾವಣ ಬರಲಿ ಅಂದ್ರು. ಬಿಲ್ ಬಂದಾಗ "ಕನಿಷ್ಠ ಮೊತ್ತ" ಅಂತ ಸುಮಾರು 3,100 ಕಟ್ಟಿದ. ಅದನ್ನ ಕಟ್ಟಿದ್ರೆ ಏನೂ ತೊಂದರೆ ಇಲ್ಲ ಅಂದ್ಕೊಂಡಿದ್ದ. ತಡಪಾವತಿ ದಂಡ ಬೀಳಲಿಲ್ಲ, ಅಷ್ಟೇ. ಬಡ್ಡಿ ಬಿತ್ತು. ಅದೂ ಬಿಲ್ ಬಂದ ದಿನದಿಂದ ಅಲ್ಲ, ತೆರಿಗೆ ಕಟ್ಟಿದ ದಿನದಿಂದ.

ತಿಂಗಳಿಗೆ 3.75%. ಅದರ ಮೇಲೆ 18% ಜಿಎಸ್‌ಟಿ. ಒಂದು ತಿಂಗಳಿಗೆ ಸುಮಾರು 2,776. ಅಂದ್ರೆ ತಿಂಗಳಿಗೆ 3,100 ಕಟ್ಟಿದ್ರೆ ಅಸಲು ಕರಗೋದು ನಾನೂರು ರೂಪಾಯಿ ಕೂಡ ಅಲ್ಲ.

ಇನ್ನೊಂದು ಪೆಟ್ಟು ಅವನು ನಿರೀಕ್ಷೆ ಮಾಡಿರಲಿಲ್ಲ. ಹಳೇ ಬಾಕಿ ಇದ್ದಾಗ ಹೊಸ ಖರ್ಚಿಗೂ ಬಡ್ಡಿರಹಿತ ದಿನಗಳು ಸಿಗಲ್ಲ. ದಿನಸಿ, ಹಾರ್ಡ್ ಡಿಸ್ಕ್, ಅಮ್ಮನ ಮಾತ್ರೆ, ಉಜ್ಜಿದ ದಿನದಿಂದಲೇ ಎಲ್ಲಕ್ಕೂ ಬಡ್ಡಿ.

ಐದು ತಿಂಗಳಲ್ಲಿ ಬಡ್ಡಿ, ಜಿಎಸ್‌ಟಿ ಸೇರಿ 13 ಸಾವಿರ ದಾಟಿತ್ತು. ಪಾಯಿಂಟ್ ಬಂದಿದ್ದು ಸೊನ್ನೆ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮೆಸೇಜ್ ಬಂತು: "ಮಗಾ, ನೀನೇ ಹೇಳಿದ್ದಲ್ವಾ?"

ಅದಕ್ಕೆ ನಾನೇನು ಉತ್ತರ ಕೊಡಲಿ?

6/8

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಆಡಿಟರ್ ಆಫೀಸಲ್ಲಿ ದಿನಾ ಮಾಡೋ ಲೆಕ್ಕವೇ. ಸ್ಟೋರಿ ಹಾಕೋ ಮುಂಚೆ ಮಾಡಬೇಕಿತ್ತು.

ಮುಂಗಡ ತೆರಿಗೆ ಕಟ್ಟದೆ ಬಿಟ್ರೆ ತಿಂಗಳಿಗೆ 1% ಬಡ್ಡಿ. ರಿಟರ್ನ್ ಸಲ್ಲಿಸೋ ಗಡುವೂ ದಾಟಿದ್ರೆ ಅದಕ್ಕೆ ಇನ್ನೊಂದು 1%. ಎರಡೂ ಸೇರಿದ್ರೆ 2%, ಅದೂ ಸರಳ ಬಡ್ಡಿ. ಮೇಲೆ ತಡವಾದ ರಿಟರ್ನ್‌ಗೆ ಗರಿಷ್ಠ 5,000 ಶುಲ್ಕ.

62,000ಕ್ಕೆ ಐದು ತಿಂಗಳು: ಬಡ್ಡಿ 6,200, ಶುಲ್ಕ 5,000. ಎಲ್ಲ ಕೆಟ್ಟದ್ದೂ ಒಟ್ಟಿಗೆ ಆದ್ರೂ 11,200.

ಕಾರ್ಡ್: 13 ಸಾವಿರದ ಮೇಲೆ, ಜೊತೆಗೆ ಗೇಟ್‌ವೇಗೆ ಹೋದ 732.

ತೆರಿಗೆ ತಡ ಮಾಡಿ ಅಂತ ನಾನು ಹೇಳ್ತಿಲ್ಲ. ತಡ ಆದ್ರೆ ನೋಟಿಸ್ ಬರಬಹುದು, ಶೇರ್ ನಷ್ಟ ಮುಂದಿನ ವರ್ಷಕ್ಕೆ ಒಯ್ಯೋ ಹಕ್ಕು ಹೋಗುತ್ತೆ. ನಾನು ಹೇಳ್ತಿರೋದು ಇಷ್ಟೇ: ನಾವೆಲ್ಲ ಹೆದರೋ ಆದಾಯ ತೆರಿಗೆ ಇಲಾಖೆ ದಂಡವಾಗಿ ಹಾಕೋ ಬಡ್ಡಿಗಿಂತ, ನಾವು ಪ್ರೀತಿಯಿಂದ ಪರ್ಸಲ್ಲಿ ಇಟ್ಕೊಳೋ ಕಾರ್ಡ್ ಹಾಕೋ ಬಡ್ಡಿ ಎರಡು ಪಟ್ಟಿಗಿಂತ ಜಾಸ್ತಿ. ತಿಂಗಳಿಗೆ 3.75 ಅಂದ್ರೆ ವರ್ಷಕ್ಕೆ 45.

ಇದಕ್ಕೆ ಮಿತಿ ಇಲ್ವಾ ಅಂತ ಕೇಳ್ತೀರಾ? ವರ್ಷಕ್ಕೆ 30% ಮೀರಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹಾಗಾಗಿ ಯಾರೋ ಬಂದು ಕಾಪಾಡ್ತಾರೆ ಅಂತ ಕಾಯಬೇಡಿ.

ಮೂರನೇ ಭಾಗದ ಒಳ್ಳೇ ಕಾರ್ಡ್ ನೆನಪಿದ್ಯಾ? 50,000 ಮೇಲೆ ಲಾಭ 160. ಅದೇ 50,000ಕ್ಕೆ ಒಂದು ತಿಂಗಳ ಬಡ್ಡಿ, ಜಿಎಸ್‌ಟಿ ಸೇರಿ 2,212. ವರ್ಷಕ್ಕೆ ಒಂದು ಸಲ 160 ಉಳಿಸ್ತಾ ಹೋದ್ರೆ, ಒಂದೇ ಒಂದು ತಿಂಗಳು ಎಡವಿದ್ದನ್ನ ತುಂಬೋಕೆ 14 ವರ್ಷ ಬೇಕು.

7/8

ಕಾಮೆಂಟ್‌ನಲ್ಲಿ ಏನು ಬರುತ್ತೆ ಅಂತ ಗೊತ್ತು. ಇಲ್ಲೇ ಉತ್ತರ ಕೊಡ್ತೀನಿ.

"ನಾನು ಯಾವತ್ತೂ ಪೂರ್ತಿ ಬಿಲ್ ಕಟ್ತೀನಿ." ಒಳ್ಳೇದು. ನಿಮ್ಮ ಕಾರ್ಡ್ ತೆರಿಗೆಗೆ ಪಾಯಿಂಟ್ ಕೊಡುತ್ತೆ, ಶುಲ್ಕ ಕಳೆದೂ ಉಳಿಯುತ್ತೆ, ತೆರಿಗೆಯ ದುಡ್ಡು ಇವತ್ತೇ ಅಕೌಂಟಲ್ಲಿ ಇದೆ ಅಂದ್ರೆ ಈ ಪೋಸ್ಟ್ ನಿಮಗಲ್ಲ. ವರ್ಷಕ್ಕೆ ಹತ್ತು ಲಕ್ಷ ತೆರಿಗೆ ಕಟ್ಟೋ, ದುಬಾರಿ ಕಾರ್ಡ್ ಇರೋ ವ್ಯಾಪಾರಿಗೆ ಇದು ನಿಜವಾಗ್ಲೂ ಲಾಭ ತರಬಹುದು. 50,000ವನ್ನ 45 ದಿನ 3% ಉಳಿತಾಯ ಖಾತೇಲಿ ಇಟ್ರೆ 185 ರೂಪಾಯಿ ಬಡ್ಡೀನೂ ಬರುತ್ತೆ. ಸುಳ್ಳಲ್ಲ. ಆದರೆ ಗಮನಿಸಿ: ಲಾಭ ಸಿಗೋದು ದುಡ್ಡು ಮೊದಲೇ ಇದ್ದವನಿಗೆ. ಇಲ್ಲದವನು ಅದನ್ನ ನೋಡಿ ಕಾಪಿ ಹೊಡೀತಾನೆ, ಅವನು ಕಟ್ಟೋ ಬಡ್ಡೀಲಿ ಇದ್ದವನ ಪಾಯಿಂಟ್ ನಡಿಯುತ್ತೆ. ಅವತ್ತು ನಾನು ಇದ್ದವನು, ಯಾಕಂದ್ರೆ ಅಪ್ಪನ ದುಡ್ಡು ಇತ್ತು. ನನ್ನ ಗೆಳೆಯ ಇಲ್ಲದವನು.

"ಜಾಸ್ತಿ ತೆರಿಗೆ ಕಟ್ಟಿ ಆಮೇಲೆ ರಿಫಂಡ್ ತಗೊಂಡ್ರೆ?" ರಿಫಂಡ್ ಬರೋ ದಿನ ನಿಮ್ಮ ಕೈಲಿಲ್ಲ. ಕಾರ್ಡ್ ಬಿಲ್‌ನ ದಿನ ಮಾತ್ರ ಗ್ಯಾರಂಟಿ. ಸರ್ಕಾರ ರಿಫಂಡ್ ಮೇಲೆ ಕೊಡೋ ಬಡ್ಡಿ ತಿಂಗಳಿಗೆ ಅರ್ಧ ಪರ್ಸೆಂಟ್. ರಿಫಂಡ್ ಮೊತ್ತ ನಿಮ್ಮ ತೆರಿಗೆಯ 10%ಗಿಂತ ಕಮ್ಮಿ ಇದ್ರೆ ಅದೂ ಇಲ್ಲ.

"ಗೆಳೆಯರ ತೆರಿಗೆ ನನ್ನ ಕಾರ್ಡಲ್ಲಿ ಕಟ್ಟಿ, ಅವರಿಂದ ದುಡ್ಡು ತಗೊಂಡ್ರೆ?" ಪೋರ್ಟಲ್‌ನಲ್ಲಿ ಅದು ಆಗುತ್ತೆ, ಪ್ಯಾನ್ ನಂಬರ್ ಮತ್ತು ಓಟಿಪಿ ಸಾಕು. ಆದರೆ ವರ್ಷದಲ್ಲಿ ನಿಮ್ಮ ಕಾರ್ಡ್ ಬಿಲ್‌ಗೆ ಕಟ್ಟಿದ ಮೊತ್ತ 10 ಲಕ್ಷ ಮುಟ್ಟಿದ್ರೆ ಬ್ಯಾಂಕ್ ಅದನ್ನ ಇಲಾಖೆಗೆ ತಿಳಿಸಬೇಕು. ಆರು ಲಕ್ಷ ಆದಾಯ ತೋರಿಸಿದವನ ಕಾರ್ಡಲ್ಲಿ ಹತ್ತು ಲಕ್ಷ ಓಡಿದ್ರೆ "ಎಲ್ಲಿಂದ ಬಂತು?" ಅಂತ ಕೇಳೇ ಕೇಳ್ತಾರೆ. ಆಗ ಒಬ್ಬೊಬ್ಬ ಗೆಳೆಯನ ಲೆಕ್ಕವನ್ನೂ ನೀವೇ ಕೊಡಬೇಕು.

"ಸಿಬಿಲ್ ಸ್ಕೋರ್ ಬೆಳೆಯುತ್ತಲ್ವಾ?" 80 ಸಾವಿರ ಮಿತಿಯ ಕಾರ್ಡಲ್ಲಿ 62 ಸಾವಿರ ತುಂಬಿಸಿದ್ರೆ ಸ್ಕೋರ್ ಬೆಳೆಯಲ್ಲ, ಇಳಿಯುತ್ತೆ. ಒಂದು ಕಂತು ತಪ್ಪಿದ್ರೆ ಆ ಗುರುತು ವರ್ಷಗಟ್ಟಲೆ ಉಳಿಯುತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಇಲ್ಲಿ ಪಾಯಿಂಟೇ ಅಡಿಕೆ.

8/8

ಬೈದಿದ್ದು ಸಾಕು. ಏನು ಮಾಡಬೇಕು ಅಂತ ಹೇಳ್ತೀನಿ, ಇದನ್ನ ಸೇವ್ ಮಾಡ್ಕೊಳ್ಳಿ.

ಸ್ವಂತ ಕೆಲಸದ ದುಡ್ಡು ಬಂದ ದಿನವೇ ಅದರಲ್ಲಿ ತೆರಿಗೆ ಪಾಲು ಬೇರೆ ಅಕೌಂಟ್‌ಗೆ ಹಾಕಿ. ಎಷ್ಟು ಅಂತ ನಿಮ್ಮ ಆಡಿಟರ್ ಹತ್ರ ಕೇಳಿ, ಗೊತ್ತಾಗೋವರೆಗೂ ಹತ್ತರಲ್ಲಿ ಒಂದು ಪಾಲಾದ್ರೂ ಎತ್ತಿಡಿ. ಆ ಅಕೌಂಟ್‌ಗೆ ಯುಪಿಐ ಜೋಡಿಸಬೇಡಿ, ಕೈ ಸುಮ್ಮನಿರಲ್ಲ.

ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಆಗೋ ಹಾಗಿದ್ರೆ ಮುಂಗಡವಾಗಿ ಕಟ್ಟಬೇಕು: ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ನಾಲ್ಕು ಕಂತಾದ್ರೆ ಬೆನ್ನು ಮುರಿಯಲ್ಲ. ನನ್ನ ಗೆಳೆಯನಿಗೆ 62,000 ಒಂದೇ ದಿನ ಎದುರಾಗಿದ್ದು ಇದನ್ನ ಯಾರೂ ಹೇಳದೇ ಇದ್ದಿದ್ದಕ್ಕೆ.

ಕಟ್ಟುವಾಗ ನಿಮ್ಮ ಬ್ಯಾಂಕ್ ಪೋರ್ಟಲ್‌ನ ಅಧಿಕೃತ ಪಟ್ಟೀಲಿ ಇದ್ರೆ ನೇರ ನೆಟ್ ಬ್ಯಾಂಕಿಂಗ್, ಇಲ್ಲಾಂದ್ರೆ ಯುಪಿಐ. ತೆರಿಗೆಗೆ ಯುಪಿಐ ಮಿತಿಯನ್ನ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸೋದಾಗಿ ಆರ್‌ಬಿಐ 2024ರ ಆಗಸ್ಟ್‌ನಲ್ಲಿ ಹೇಳಿತು. ನಮ್ಮಂಥೋರಿಗೆ ಅಷ್ಟು ಧಾರಾಳ ಸಾಕು.

ದುಡ್ಡು ಕಮ್ಮಿ ಬಿದ್ರೆ? ಮೊದಲು ಮನೇಲಿ ಬಾಯಿಬಿಟ್ಟು ಕೇಳಿ. ಆಮೇಲೆ ಬ್ಯಾಂಕಲ್ಲಿ ಚಿನ್ನದ ಸಾಲ. ಆಗಲೇ ಕಾರ್ಡ್ ಬಾಕೀಲಿ ಸಿಕ್ಕಿ ಹಾಕ್ಕೊಂಡಿದ್ರೆ ಕನಿಷ್ಠ ಮೊತ್ತ ಕಟ್ಟುತ್ತಾ ಕೂರಬೇಡಿ, ಕಮ್ಮಿ ಬಡ್ಡಿಯ ಸಾಲ ತಗೊಂಡು ಅದನ್ನ ಮುಚ್ಚಿ. ನನ್ನ ಗೆಳೆಯ ಕೊನೆಗೆ ಅದನ್ನೇ ಮಾಡಿದ. ಅವನ ಅಮ್ಮ ಬಳೆ ಬಿಚ್ಚಿಕೊಟ್ರು. ಇನ್ನೂ ನಾಲ್ಕು ಕಂತು ಇದೆ. ಅದರಲ್ಲಿ ಎರಡು ನಾನು ಕಟ್ತೀನಿ ಅಂದಿದ್ದೀನಿ. ಅವನು ಬೇಡ ಅಂತಿದ್ದಾನೆ. ನಾನು ಬಿಡಲ್ಲ.

ಅಪ್ಪ ಈ ವರ್ಷ ತೆರಿಗೆಯನ್ನ ಯುಪಿಐನಲ್ಲೇ ಕಟ್ಟಿದ್ರು, ಎರಡು ನಿಮಿಷ ಹಿಡೀತು. "ಪಾಯಿಂಟ್ ಬೇಡ್ವೇನೋ?" ಅಂತ ನಕ್ಕರು. ಬೇಡ ಅಪ್ಪ ಅಂದೆ.

ನನ್ನ ಹಳೇ ಸ್ಟೋರಿ ನೋಡಿ ಯಾರಾದ್ರೂ ಕಾರ್ಡ್ ಉಜ್ಜಿದ್ರೆ ಡಿಎಂ ಮಾಡಿ. ಬಿಲ್ ಕಳ್ಸಿ, ಕೂತು ಲೆಕ್ಕ ನೋಡೋಣ. ದುಡ್ಡು ತಗೊಳಲ್ಲ. ಬಯೋದಲ್ಲಿ ಲಿಂಕೂ ಇಲ್ಲ.

#ಆದಾಯತೆರಿಗೆ #ಕ್ರೆಡಿಟ್‌ಕಾರ್ಡ್ #ಕನ್ನಡದಲ್ಲಿಹಣಕಾಸು #ಮುಂಗಡತೆರಿಗೆ